ದೇವಮಾತೆಯ ದರ್ಶನಗಳೂ ಮೈಸೂರಿನ ಕಥೋಲಿಕರ ಭಕ್ತಿಯ ಕನ್ನಡವೂ

೧

ಕನ್ನಡ ನಾಡಿನ ಭಕ್ತಿವಾಙ್ಮಯವನ್ನು ಕುರಿತು ವಿಚಾರ ಮಾಡುವವರು ಜೈನ, ವೀರಶೈವ, ವೈಷ್ಣವ ಸಂಪ್ರದಾಯಗಳನ್ನು ಕ್ರಮವಾಗಿ ಪರಿಶೀಲಿಸಿ, ಕ್ರೈಸ್ತರ ಪ್ರಸ್ತಾಪ ಬಂದಾಗ ಮಾತ್ರ ನಿಘಂಟು, ವ್ಯಾಕರಣ, ಮುದ್ರಣ, ವೃತ್ತಪತ್ರಿಕೆ ಎಂಬ ನಾಲ್ಕು ಮಾತುಗಳಲ್ಲಿ ವಿಷಯವನ್ನು ಮುಗಿಸುವುದು ರೂಢಿಯಾಗಿದೆ. ೧೮೪೩ರಲ್ಲಿ ಹೊರಟ ‘ಮಂಗಳೂರ ಸಮಾಚಾರ’, ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಇವೇ ಮೊದಲಾದವು ನಮ್ಮ ಕೃತಜ್ಞತೆಗೆ ಪಾತ್ರವಾದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವು ಪಂಡಿತರಾದ ಪಾದ್ರಿಗಳ ಕೃತಿಗಳು. ಕ್ರೈಸ್ತರಾದ ಕನ್ನಡಿಗರು, ಅವರಲ್ಲಿಯೂ ಓದುಬರಹವಿಲ್ಲದ ಒಕ್ಕಲಿಗರೂ ಕೂಲಿಕಾರರೂ ಹೆಂಗಸರೂ, ಯಾವ ಕನ್ನಡದಲ್ಲಿ ದೇವರನ್ನು ಕರೆದರು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಈ ಪ್ರಶ್ನೆಗೆ ಮೈಸೂರು ಸೀಮೆಯ ಕಥೋಲಿಕರ ಮಟ್ಟಿಗೆ ಒಂದು ಉತ್ತರವನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶ. ಪೂಜೆಯ ಭಾಷೆ ಲ್ಯಾಟಿನ್ ಆಗಿದ್ದ ಕಾಲದಲ್ಲಿ ದೇಶಭಾಷೆಗೆ ದೇವಾಲಯದೊಳಗೆ ದೊರೆತ ವಿಶಾಲವಾದ ಸ್ಥಳವು ದೇವಮಾತೆ ಮರಿಯಮ್ಮನವರ ಭಕ್ತಿಯೇ ಆಗಿದ್ದಿತು. ಆ ಭಕ್ತಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ಚೈತನ್ಯವನ್ನು ತಂದವು ಆಕೆಯ ದರ್ಶನಗಳ ವೃತ್ತಾಂತಗಳು. ಆ ವೃತ್ತಾಂತಗಳಾದರೋ ತಾವೇ ತಾಯಿನುಡಿಯ ಹಿರಿಮೆಯನ್ನು ಸಾರುವಂಥವು. ಈ ಮೂರು ಸಂಗತಿಗಳನ್ನು ಒಟ್ಟಿಗೆ ನೋಡಿದಲ್ಲಿ ಕನ್ನಡದ ಧಾರ್ಮಿಕ ಶಬ್ದಸಂಪತ್ತಿನ ಚರಿತ್ರೆಯಲ್ಲಿ ಬರೆಯದೆ ಉಳಿದ ಒಂದು ಪ್ರಕರಣವು ಗೋಚರಿಸುವುದು.

೨

ಮೊದಲು ಧರ್ಮಕೇಂದ್ರವೆಂದರೇನೆಂಬುದನ್ನು ಹೇಳಬೇಕು. ಒಬ್ಬ ಗುರುವಿನ ಪಾಲನೆಗೆ ಒಳಪಟ್ಟ, ಎಲ್ಲೆಕಟ್ಟುಳ್ಳ ಒಂದು ಪ್ರದೇಶದ ಕಥೋಲಿಕ ಸಮುದಾಯವೇ ಧರ್ಮಕೇಂದ್ರ. ಇಂಥ ಹಲವು ಕೇಂದ್ರಗಳು ಕೂಡಿ ಒಬ್ಬ ಧರ್ಮಾಧ್ಯಕ್ಷರ ಅಧೀನದಲ್ಲಿ ಧರ್ಮಕ್ಷೇತ್ರವೆನಿಸುವುವು. ಮಗುವಿನ ಜ್ಞಾನಸ್ನಾನ, ಮದುವೆ, ಸಾವು ಇವು ಕೇಂದ್ರದ ದಫ್ತರಗಳಲ್ಲಿ ದಾಖಲಾಗುವುವು. ಭಾನುವಾರದ ಬಲಿಪೂಜೆ, ಪಾಪನಿವೇದನೆ, ಮಕ್ಕಳಿಗೆ ಉಪದೇಶ, ದಿನಕ್ಕೆ ಮೂರು ಬಾರಿ ಮೊಳಗುವ ಗಂಟೆ, ಹಬ್ಬಕ್ಕೆ ಮುಂಚೆ ಧ್ವಜವನ್ನೇರಿಸಿ ಒಂಬತ್ತು ದಿನ ನಡೆಸುವ ನವೇನ, ಕೊನೆಯ ದಿನದ ತೇರು, ಇವು ಅದರ ವರ್ಷಚಕ್ರ.

ಈ ಜೀವನದಲ್ಲಿ ಎರಡು ಭಾಷೆಗಳು ಎರಡು ಅಂತಸ್ತುಗಳಲ್ಲಿ ನಿಂತಿದ್ದುವು. ಬಲಿಪೂಜೆಯೂ ಸಂಸ್ಕಾರಗಳ ಮುಖ್ಯ ಮಂತ್ರಗಳೂ ಲ್ಯಾಟಿನ್ ಭಾಷೆಯಲ್ಲಿಯೇ ನಡೆಯತಕ್ಕದ್ದೆಂಬುದು ಧರ್ಮಸಭೆಯ ನಿಯಮವಾಗಿತ್ತು. ೧೯೬೩ನೆಯ ಇಸವಿ ಡಿಸೆಂಬರ್ ೪ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯನ್ನು ಕುರಿತ ಶಾಸನವನ್ನು ಹೊರಡಿಸಿ ದೇಶಭಾಷೆಗಳಿಗೆ ಅವಕಾಶವನ್ನು ಕೊಟ್ಟಿತು. ಅಲ್ಲಿಯವರೆಗೆ ಗುರುವು ಪೂಜಾಪೀಠದಲ್ಲಿ ಲ್ಯಾಟಿನ್ನಿನಲ್ಲಿ ಹೇಳುತ್ತಿದ್ದುದನ್ನು ಜನರು ಕೇಳುತ್ತಿದ್ದರೇ ಹೊರತು ಅರ್ಥಮಾಡಿಕೊಳ್ಳುತ್ತಿರಲಿಲ್ಲ. ಪ್ರಸಂಗ ಮತ್ತು ಉಪದೇಶಗಳು ದೇಶಭಾಷೆಯಲ್ಲಿದ್ದರೂ ಅಲ್ಲಿ ಮಾತು ಗುರುವಿನದು. ಜನರದು ಕಿವಿ ಮಾತ್ರ. ಜನರ ನಾಲಗೆಗೆ ಸ್ವಾತಂತ್ರ್ಯವಿದ್ದುದು ವಿಧಿಬದ್ಧವಾದ ಪೂಜೆಯ ಹೊರಗೆ: ಮನೆಯಲ್ಲಿ ಸಂಜೆ ಹೊತ್ತು ದೀಪ ಹಚ್ಚಿದ ಮೇಲೆ ಹೇಳುವ ಜಪಸರದಲ್ಲಿ, ಮೇ ತಿಂಗಳ ಮರಿಯಮ್ಮನವರ ವಣಕ್ಕದಲ್ಲಿ, ನವೇನದಲ್ಲಿ, ಮೆರವಣಿಗೆಯ ಹಾಡಿನಲ್ಲಿ. ಇವುಗಳಲ್ಲಿ ಬಹುಭಾಗವು ದೇವಮಾತೆಗೆ ಸಂಬಂಧಿಸಿದುದು ಎಂಬುದನ್ನು ಗಮನಿಸಬೇಕು.

ಜಪಸರವೇ ಇದಕ್ಕೆ ಮುಖ್ಯ ನಿದರ್ಶನ. ಯುರೋಪಿನ ಮಠಗಳಲ್ಲಿ ಸನ್ಯಾಸಿಗಳು ೧೫೦ ಕೀರ್ತನೆಗಳನ್ನು ಲ್ಯಾಟಿನ್ನಿನಲ್ಲಿ ಪಠಿಸುತ್ತಿರಲು, ಓದುಬಾರದವರು ಅದರ ಬದಲಾಗಿ ೧೫೦ ಸಲ ಮರಿಯಮ್ಮನವರ ವಂದನೆಯನ್ನು ಹೇಳುವ ಪದ್ಧತಿಯು ಬೆಳೆದು ಹತ್ತು ಹತ್ತರ ಹದಿನೈದು ಗುಂಪುಗಳಾಯಿತು. ೧೮೮೩ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಅಕ್ಟೋಬರ್ ತಿಂಗಳನ್ನು ಜಪಸರಕ್ಕೆ ಮೀಸಲಿಟ್ಟರು. ೨೦೦೨ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಇನ್ನೂ ಐದು ರಹಸ್ಯಗಳನ್ನು ಸೇರಿಸಿದರು. ಆದಿಯಲ್ಲಿಯೇ ಇದು ನಿರಕ್ಷರರ ಕೀರ್ತನೆಗ್ರಂಥ. ಹೀಗೆ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿ, ಹೇಮಾವತಿ ಜಲಾಶಯದಿಂದಾಗಿ ಈಗ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ ಬೇಸಗೆಯಲ್ಲಿ ತಲೆಯೆತ್ತುವ ದೇವಾಲಯವು ಜಪಸರದ ಹೆಸರಿನಿಂದಲೇ ಪ್ರಸಿದ್ಧವಾಗಿರುವುದು ಉಚಿತವಾಗಿದೆ.

೩

ಮೈಸೂರು ಸೀಮೆಯಲ್ಲಿ ಈ ಭಕ್ತಿಯು ಹೇಗೆ ನೆಲೆಯೂರಿತು? ಇಟಲಿಯ ಜೆಸ್ವಿತ ಗುರು ಲಿಯೋನಾರ್ದೋ ಚಿನ್ನಮಿಯು ೧೬೪೯ರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಸ್ಥಾಪಿಸಿ, ಕನ್ನಡವನ್ನು ಕಲಿತು, ಧರ್ಮೋಪದೇಶ, ವ್ಯಾಕರಣ, ಪದಕೋಶಗಳನ್ನು ರಚಿಸಿದನು. ೧೭೭೩ರಲ್ಲಿ ಜೆಸ್ವಿತ ಸಂಘವು ರದ್ದಾಗಲು, ಅವರ ಕ್ಷೇತ್ರವು ೧೭೭೬ರಲ್ಲಿ ಪ್ಯಾರಿಸ್ ನಗರದ ವಿದೇಶೀಯ ಮಿಷನ್ ಸಂಘದವರ ಕೈಸೇರಿತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಚದರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಿದವನು ಈ ಸಂಘದ ಅಬ್ಬೆ ದ್ಯುಬ್ವಾ. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಗ್ರಂಥದಿಂದ ಪ್ರಸಿದ್ಧನಾದ ಈತನು ೧೮೨೩ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ತನ್ನ ಪತ್ರಗಳನ್ನು ಪ್ರಕಟಿಸಿದನು. ಕ್ರೈಸ್ತಮತದ ಯಾವುದಾದರೂ ಒಂದು ರೂಪವು ಈ ದೇಶದವರ ಮನಸ್ಸಿಗೆ ಹಿಡಿಸಬಹುದಾದರೆ ಅದು ಕಥೋಲಿಕ ರೂಪವೇ ಎಂಬುದು ಆ ಪತ್ರಗಳಲ್ಲಿ ಅವನ ವಾದ. ಅದಕ್ಕೆ ಕಾರಣವಾಗಿ ಮೆರವಣಿಗೆ, ವಿಗ್ರಹ, ಉಪವಾಸ, ಸಂತರ ಪ್ರಾರ್ಥನೆ ಮೊದಲಾದುವನ್ನು ಎಣಿಸುವಾಗ ಪೂಜೆ, ತೀರ್ಥ ಎಂಬ ಈ ನಾಡಿನ ಮಾತುಗಳನ್ನೇ ಅವನು ಬಳಸುತ್ತಾನೆ. ರಾತ್ರಿವೇಳೆ ವಾದ್ಯಘೋಷದಿಂದಲೂ ಬಾಣಬಿರುಸುಗಳಿಂದಲೂ ನಡೆಯುತ್ತಿದ್ದ ತೇರುಗಳನ್ನು ಕಂಡು ಅವನು ಸಂಕೋಚಪಟ್ಟುದೂ ಆ ಪತ್ರಗಳಲ್ಲಿಯೇ ಇದೆ. ಪಂಡಿತನಿಗೆ ಸಂಕೋಚವನ್ನುಂಟುಮಾಡಿದ ಆ ತೇರು ಜನಕ್ಕೆ ಮಾತ್ರ ಹಬ್ಬವಾಗಿಯೇ ಉಳಿಯಿತು.

೧೮೫೦ರಲ್ಲಿ ಮೈಸೂರು ಪ್ರತ್ಯೇಕ ಧರ್ಮಾಧಿಕಾರಕ್ಕೆ ಒಳಪಟ್ಟಿತು. ೧೮೮೬ರಲ್ಲಿ ಪೂರ್ಣ ಧರ್ಮಕ್ಷೇತ್ರವಾಯಿತು. ೧೯೪೦ರಲ್ಲಿ ಬೆಂಗಳೂರು ಅದರಿಂದ ಬೇರೆಯಾಯಿತು. ಮೈಸೂರು ಮಿಷನ್ನಿನವರ ಲ್ಯಾಟಿನ್–ಕನ್ನಡ ನಿಘಂಟು ೧೮೬೧ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಪೂಜಾಪೀಠದ ಭಾಷೆಗೂ ಮನೆಯಂಗಳದ ಭಾಷೆಗೂ ನಡುವೆ ಸೇತುವೆ ಬೇಕೆಂಬ ಅರಿವಿಗೆ ಈ ಗ್ರಂಥವೇ ಸಾಕ್ಷಿ.

ಈ ಗುರುಗಳ ಹಿನ್ನೆಲೆಯಲ್ಲಿ ಒಂದು ಸಣ್ಣ ಭೌಗೋಳಿಕ ಸಂಗತಿ ಉಂಟು. ಅವರು ತರಬೇತಾದ ಗುರುಮಠವು ಪ್ಯಾರಿಸ್ಸಿನ ರ್ಯೂ ದ್ಯು ಬಾಕ್ ಎಂಬ ಬೀದಿಯಲ್ಲಿದೆ. ೧೮೩೦ರಲ್ಲಿ ಕ್ಯಾಥರೀನ್ ಲಬೂರೆ ಎಂಬ ಕನ್ಯಾಸ್ತ್ರೀಗೆ ದೇವಮಾತೆಯ ದರ್ಶನವಾಯಿತೆಂದು ಹೇಳುವ ಮಂದಿರವೂ ಅದೇ ಬೀದಿಯಲ್ಲಿ ಕೆಲವೇ ಮನೆಗಳ ಆಚೆಗಿದೆ. ಆಮೇಲೆ ೧೮೪೬ರಲ್ಲಿ ಲಾ ಸಲೆಟ್ಟಿನಲ್ಲಿಯೂ ೧೮೫೮ರಲ್ಲಿ ಲೂರ್ದಿನಲ್ಲಿಯೂ ದರ್ಶನಗಳು ವರದಿಯಾದುವು. ಹೀಗೆ ದರ್ಶನಗಳ ವಾರ್ತೆಯಿಂದ ತುಂಬಿದ ಫ್ರಾನ್ಸ್ ದೇಶದಿಂದ ಬಂದವರು ಮೈಸೂರಿನ ಗುರುಗಳಾದರು. ಅವರು ತಮ್ಮ ನಾಡಿನ ಲೂರ್ದು ಮಾತೆಯನ್ನು ಜೊತೆಯಲ್ಲಿಯೇ ತಂದುದು ಆಶ್ಚರ್ಯವಲ್ಲ. ದೇವಾಲಯದ ಆವರಣದಲ್ಲಿ ಒರಟುಕಲ್ಲುಗಳಿಂದ ಗವಿಯನ್ನು ಕಟ್ಟಿ, ಬಿಳಿಯುಡುಪಿನ ನೀಲಿ ನಡುಪಟ್ಟಿಯ ಮರಿಯಮ್ಮನವರನ್ನು ನಿಲ್ಲಿಸಿ, ಎದುರಿಗೆ ಮೇಣದಬತ್ತಿಗಳನ್ನು ಹಚ್ಚುವ ಪದ್ಧತಿಯು ಈ ಮೂಲದ್ದು.

ಮೈಸೂರು ನಗರದ ಪ್ರಧಾನ ದೇವಾಲಯದ ಹೆಸರೂ ಇದೇ ಪ್ರವಾಹಕ್ಕೆ ಸೇರಿದ್ದು. ರೋಮಿನ ಪ್ರಿಸ್ಸಿಲ್ಲಾ ನೆಲಸಮಾಧಿಯಲ್ಲಿ ೧೮೦೨ರಲ್ಲಿ ದೊರೆತ ಒಬ್ಬ ಯುವತಿಯ ಅಸ್ಥಿಗಳಿಗೆ, ಮೂರು ಹಂಚುಗಳ ಮೇಲಿನ ಅಸ್ತವ್ಯಸ್ತ ಲಿಪಿಯನ್ನು ಜೋಡಿಸಿ ಓದಿ, ಫಿಲೋಮಿನಾ ಎಂಬ ಹೆಸರನ್ನು ಕೊಟ್ಟರು. ಆಕೆಯ ಚರಿತ್ರೆಯೆಂದು ಪ್ರಚಾರವಾದುದು ಒಬ್ಬ ಇಟಲಿಯ ಕನ್ಯಾಸ್ತ್ರೀಗೆ ಆದ ಅಂತಃಶ್ರವಣದಿಂದ ಬಂದುದು. ಈ ಭಕ್ತಿಯನ್ನು ಫ್ರಾನ್ಸಿನಲ್ಲಿ ಹಬ್ಬಿಸಿದವರಲ್ಲಿ ಲಿಯೋನ್ ನಗರದ ಪೋಲಿನ್ ಝಾರಿಕೋ ಮುಖ್ಯಳು. ೧೮೨೨ರಲ್ಲಿ ಧರ್ಮಪ್ರಸಾರ ಸಂಘವನ್ನು ಆರಂಭಿಸಿ ದೂರದೇಶಗಳ ಮಿಷನ್ನುಗಳಿಗೆ ಕಾಸುಕಾಸಾಗಿ ಧನಸಂಗ್ರಹ ಮಾಡಿದವಳೂ, ೧೮೨೬ರಲ್ಲಿ ‘ಜೀವಂತ ಜಪಸರ’ವೆಂಬ ಪ್ರಾರ್ಥನಾಕೂಟಗಳನ್ನು ಕಟ್ಟಿದವಳೂ ಈಕೆಯೇ. ಫಿಲೋಮಿನಾ, ಜಪಸರ, ಮಿಷನ್ನಿನ ಧನಸಹಾಯ ಈ ಮೂರೂ ಒಬ್ಬ ಮಹಿಳೆಯ ಉದ್ಯೋಗದಲ್ಲಿ ಕೂಡಿದುವು.

ಮೈಸೂರಿನಲ್ಲಿ ೧೮೪೩ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಚಿಕ್ಕ ದೇವಾಲಯವೊಂದು ಕಟ್ಟಲ್ಪಟ್ಟಿತು. ಮಹಾರಾಜರ ಕಾರ್ಯದರ್ಶಿಗಳಾಗಿದ್ದ ತಂಬುಚೆಟ್ಟಿಯವರು ೧೯೨೬ರಲ್ಲಿ ಸಂತಳ ಅವಶೇಷವನ್ನು ತರಿಸಿದರು. ೧೯೩೩ನೆಯ ಇಸವಿ ಅಕ್ಟೋಬರ್ ೨೮ರಂದು ನಾಲ್ವಡಿ ಕೃಷ್ಣರಾಜ ಒಡೆಯರವರು ಈಗಿನ ಭವ್ಯಮಂದಿರಕ್ಕೆ ಅಸ್ತಿವಾರದ ಕಲ್ಲನ್ನಿಟ್ಟರು. ೧೭೫ ಅಡಿ ಎತ್ತರದ ಅವಳಿ ಗೋಪುರಗಳುಳ್ಳ, ಶಿಲುಬೆಯಾಕಾರದ ತಳವಿನ್ಯಾಸದ ಈ ದೇವಾಲಯವು ಗಾಥಿಕ್ ಶೈಲಿಯದು. ಅಸ್ತಿವಾರವಾದ ಆರು ವಾರಗಳೊಳಗೆ, ಅದೇ ವರ್ಷದ ಡಿಸೆಂಬರ್ ೮ರಂದು, ಲೂರ್ದಿನ ದರ್ಶನವನ್ನು ಕಂಡ ಬರ್ನದೆತ್ತಳನ್ನು ರೋಮಿನಲ್ಲಿ ಸಂತಳೆಂದು ಘೋಷಿಸಲಾಯಿತು. ಎರಡಕ್ಕೂ ಕಾರ್ಯಕಾರಣಸಂಬಂಧವಿಲ್ಲ, ಕಾಲವೊಂದೇ, ಭಕ್ತಿಯ ಹವೆಯೊಂದೇ.

೪

ಈಗ ದರ್ಶನವೃತ್ತಾಂತಗಳ ಒಳಗಣ ಭಾಷೆಯನ್ನು ನೋಡೋಣ. ಅವುಗಳನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ವೃತ್ತಾಂತಗಳಾಗಿ ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಲಕ್ಷಣವು ನಮ್ಮ ವಿಚಾರಕ್ಕೆ ಮುಖ್ಯವಾದುದು.

ಮೆಕ್ಸಿಕೋ ದೇಶದ ಗ್ವಾದಲೂಪೆಯಲ್ಲಿ ೧೫೩೧ರಲ್ಲಿ ಹ್ವಾನ್ ದಿಯೇಗೋ ಎಂಬ ಆದಿವಾಸಿಗೆ ಆದ ದರ್ಶನವೆಂಬುದು ಮೊದಲನೆಯದು. ಗೆದ್ದವರ ಭಾಷೆ ಸ್ಪ್ಯಾನಿಷ್ ಆಗಿದ್ದರೂ ಆ ವೃತ್ತಾಂತದ ಪ್ರಸಿದ್ಧ ಪಾಠವು ೧೬೪೯ರಲ್ಲಿ ಅಚ್ಚಾದುದು ಸೋತವರ ನಹ್ವಾತ್ಲ್ ಭಾಷೆಯಲ್ಲಿ. ಅಲ್ಲಿ ದೇವಮಾತೆ ಮಾತನಾಡುವುದೂ ಅದೇ ಭಾಷೆಯಲ್ಲಿ, ಮನೆಯ ಹಿರಿಯಳೊಬ್ಬಳು ಮಗುವನ್ನು ಮುದ್ದಿಸಿ ಕರೆಯುವ ರೀತಿಯಲ್ಲಿ. ಲಾ ಸಲೆಟ್ಟಿನ ಕಥೆ ಇನ್ನೂ ಸ್ವಾರಸ್ಯವಾದುದು. ದನಕಾಯುವ ಮಕ್ಕಳಿಬ್ಬರಿಗೆ ಕಾಣಿಸಿಕೊಂಡ ಮಹಿಳೆಯು ಮೊದಲು ಫ್ರೆಂಚಿನಲ್ಲಿ ಮಾತನಾಡಿದಳು. ಆಲೂಗೆಡ್ಡೆಯ ಪ್ರಸ್ತಾಪ ಬಂದಾಗ ಆ ಫ್ರೆಂಚ್ ಮಾತು ಹುಡುಗಿಗೆ ತಿಳಿಯಲಿಲ್ಲ. ಅದನ್ನು ಕಂಡು ಆಕೆ ಆ ಸೀಮೆಯ ಆಡುಮಾತಿಗೆ ತಿರುಗಿ ಅದೇ ವಿಷಯವನ್ನು ಮತ್ತೆ ಹೇಳಿದಳು. ಪಾಠ ಹೇಳುವ ಉಪಾಧ್ಯಾಯರಿಗೆ ಇದಕ್ಕಿಂತ ಮೇಲಾದ ದೃಷ್ಟಾಂತ ಬೇಕಿಲ್ಲ.

ಲೂರ್ದಿನಲ್ಲಿ ೧೮೫೮ರ ಫೆಬ್ರವರಿ ೧೧ರಿಂದ ಜುಲೈ ೧೬ರವರೆಗೆ ೧೮ ದರ್ಶನಗಳಾದುವೆಂದು ಲೆಕ್ಕ. ಸೌದೆ ಆಯಲು ಹೋಗಿದ್ದ ಬರ್ನದೆತ್ತಳಿಗೆ ಆಗ ೧೪ ವರ್ಷ. ಅವಳಿಗೆ ಬರುತ್ತಿದ್ದುದು ಗಾಸ್ಕನ್ ಎಂಬ ಆ ಸೀಮೆಯ ನುಡಿ. ಶಾಲೆಯ ಫ್ರೆಂಚ್ ಅವಳಿಗೆ ಕಷ್ಟ. ತಾನು ಕೇಳಿದ ಮಾತುಗಳನ್ನು ಅವಳು ವರದಿಮಾಡಿದುದು ಗಾಸ್ಕನ್ನಿನಲ್ಲಿಯೇ. ಮೂರನೆಯ ದರ್ಶನದಲ್ಲಿ ಆ ಮಹಿಳೆಯು, ಹದಿನೈದು ದಿನ ಇಲ್ಲಿಗೆ ಬರುವ ಕೃಪೆ ಮಾಡುವಿರಾ ಎಂಬ ಭಾವದಲ್ಲಿ, ಬಹುವಚನದಿಂದ ಕೇಳಿದಳು. ಬಡ ಗಿರಣಿಗಾರನ ಮಗಳನ್ನು ಅದುವರೆಗೆ ಯಾರೂ ‘ನೀವು’ ಎಂದು ಕರೆದಿರಲಿಲ್ಲ. ಆ ಗೌರವವೇ ಹುಡುಗಿಗೆ ಎಲ್ಲಕ್ಕಿಂತ ವಿಸ್ಮಯವಾಗಿ ತೋರಿತು. ಏಕವಚನ ಬಹುವಚನಗಳ ತಾರತಮ್ಯವನ್ನು ಪ್ರತಿನಿತ್ಯ ಬಲ್ಲ ಕನ್ನಡಿಗರಿಗೆ ಈ ವಿಸ್ಮಯವನ್ನು ವಿವರಿಸಬೇಕಾದುದಿಲ್ಲ. ಈ ಭೇದವು ಅಳಿದುಹೋದ ಇಂಗ್ಲಿಷಿನಲ್ಲಿ ಈ ಕಥೆಯನ್ನು ಓದಿದರೆ ಅದರ ಜೀವಾಳವೇ ಕಾಣದು.

ಮಾರ್ಚ್ ೨೫ರಂದು ಹೆಸರನ್ನು ಕೇಳಲು, ತಾನು ಅಮಲೋದ್ಭವವೆಂಬ ಉತ್ತರ ಬಂದಿತು. ಆ ಶಬ್ದದ ಅರ್ಥವನ್ನರಿಯದ ಹುಡುಗಿಯು ಮರೆತುಹೋಗಬಾರದೆಂದು ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತ ಊರಗುರುವಿನ ಬಳಿಗೆ ಹೋದಳು. ಒಂಬತ್ತನೆಯ ಪಿಯುಸ್ ಜಗದ್ಗುರುಗಳು ೧೮೫೪ರಲ್ಲಿ ಘೋಷಿಸಿದ್ದ ಪಾಂಡಿತ್ಯದ ಸಿದ್ಧಾಂತವೊಂದು ನಾಲ್ಕು ವರ್ಷಗಳ ಮೇಲೆ ಹಳ್ಳಿಯ ಆಡುಮಾತಿನಲ್ಲಿ ಹೊರಬಂದುದೇ ಗುರುವಿನ ಸಂಶಯವನ್ನು ಅಲುಗಿಸಿತು.

೫

ಈ ವೃತ್ತಾಂತಗಳು ಕನ್ನಡಕ್ಕೆ ಬಂದಾಗ ಇಲ್ಲಿನ ಪದಗಳು ತಮ್ಮ ಪೂರ್ವಸಂಸ್ಕಾರವನ್ನು ಬಿಡದೆ ಹೊಸ ಅರ್ಥವನ್ನು ಹೊತ್ತುಕೊಂಡ ಬಗೆಯನ್ನು ನಾಲ್ಕು ಉದಾಹರಣೆಗಳಿಂದ ತೋರಿಸಬಹುದು.

ಮೊದಲನೆಯದು ‘ದರ್ಶನ’. ನಮ್ಮ ರೂಢಿಯಲ್ಲಿ ಭಕ್ತನು ದೇವಾಲಯಕ್ಕೆ ಹೋಗಿ ದರ್ಶನ ಮಾಡುವನು. ದೇವರು ಒಲಿದು ದರ್ಶನ ಕೊಡುವುದೂ ಉಂಟು. ಕಥೋಲಿಕರ ಬಳಕೆಯು ಈ ಎರಡನೆಯ ಅರ್ಥವನ್ನು ಆಯ್ದುಕೊಂಡಿದೆ. ‘ಅವತಾರ’ವೆನ್ನಲಾಗದು; ಮನುಷ್ಯಾವತಾರವು ಕ್ರಿಸ್ತನಿಗೆ ಮೀಸಲು. ‘ಸಾಕ್ಷಾತ್ಕಾರ’ವೆನ್ನಲಾಗದು, ಅದು ಸಾಧನೆಯ ಫಲ, ಬರ್ನದೆತ್ತಳು ಹೋದುದು ಸೌದೆಗೆ. ‘ಮೈಮೇಲೆ ಬರುವುದು’ ಎನ್ನಲಂತೂ ಆಗದು. ಅಲ್ಲಿ ದೇವತೆಯು ಮನುಷ್ಯನ ಬಾಯಿಂದ ಮಾತನಾಡುವುದು, ಇಲ್ಲಿ ಕಂಡವಳು ತಾನು ತಾನಾಗಿಯೇ ಉಳಿದು ಸಾಕ್ಷಿ ನುಡಿಯುವಳು. ಹೀಗೆ ನೆರೆಯ ಪದಗಳನ್ನೆಲ್ಲ ಬಿಟ್ಟು ದರ್ಶನವೆಂಬುದನ್ನೇ ಹಿಡಿದುದರಲ್ಲಿ ಸೂಕ್ಷ್ಮವಾದ ವಿವೇಕವಿದೆ.

ಎರಡನೆಯದು ‘ಅಮಲೋದ್ಭವ’. ಕನ್ನಡದ ಶೈವಸಾಹಿತ್ಯವನ್ನು ಓದಿದವರಿಗೆ ‘ಮಲ’ವೆಂದೊಡನೆ ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯವು ನೆನಪಾಗದಿರದು. ಆದಿಪಿತೃಗಳಿಂದ ಮನುಷ್ಯಕುಲಕ್ಕೆ ಬಂದ ಜನ್ಮಪಾಪದ ಸೋಂಕಿಲ್ಲದೆ ಮರಿಯಮ್ಮನವರು ತಮ್ಮ ತಾಯಿಯ ಗರ್ಭದಲ್ಲಿ ಉದ್ಭವಿಸಿದರೆಂಬುದು ಕಥೋಲಿಕ ಸಿದ್ಧಾಂತ. ಕ್ರಿಸ್ತನು ಕನ್ನಿಕೆಯಲ್ಲಿ ಹುಟ್ಟಿದನೆಂಬ ನಂಬಿಕೆಗೂ ಇದಕ್ಕೂ ವ್ಯತ್ಯಾಸವಿದೆ; ಎರಡನ್ನೂ ಒಂದೆಂದು ತಿಳಿಯುವುದು ಸಾಮಾನ್ಯವಾದ ಭ್ರಮೆ. ಆಣವಮಲವು ಅನಾದಿ, ಜನ್ಮಪಾಪಕ್ಕೆ ಆದಿಯುಂಟು. ಅರ್ಥಗಳು ಕೂಡುವುದಿಲ್ಲ, ಆದರೆ ಆತ್ಮಕ್ಕೆ ಹುಟ್ಟಿನಿಂದ ಅಂಟಿದ ಕೊಳೆಯೊಂದುಂಟೆಂಬ ಭಾವವನ್ನು ಕನ್ನಡ ಕಿವಿಗೆ ತಲಪಿಸಲು ಆ ಒಂದು ಅಕ್ಷರದ್ವಯವು ಮಾಡಿದ ಕೆಲಸವನ್ನು ದೀರ್ಘವಾದ ವ್ಯಾಖ್ಯಾನವೂ ಮಾಡಲಾರದು.

ಮೂರನೆಯದು ‘ವರಪ್ರಸಾದ’. ದೇವರು ಉಚಿತವಾಗಿ ಕೊಡುವ ಅನುಗ್ರಹಕ್ಕೆ ಪ್ರಾಟೆಸ್ಟಂಟರ ಕನ್ನಡ ಬೈಬಲ್ಲು ‘ಕೃಪೆ’ಯೆಂದಿತು, ಕಥೋಲಿಕರ ಪ್ರಾರ್ಥನೆಗಳಲ್ಲಿ ನೆಲೆಸಿದುದು ‘ವರಪ್ರಸಾದ’. ಕೃಪೆಯು ಕೊಡುವವನ ಮನಸ್ಸಿನ ಗುಣ. ಪ್ರಸಾದವು ಕೊಂಡವನ ಕೈಸೇರಿದ ವಸ್ತು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದಾಗಿರುವ ನಾಡಿನಲ್ಲಿ, ಅನುಗ್ರಹವು ಸಂಸ್ಕಾರಗಳ ಮೂಲಕ ಸ್ಪರ್ಶಗೋಚರವಾಗಿ ದೊರೆಯುವುದೆಂಬ ಕಥೋಲಿಕ ತತ್ತ್ವಕ್ಕೆ ಇದಕ್ಕಿಂತ ಒಪ್ಪುವ ಪದವನ್ನು ಹುಡುಕುವುದು ಕಷ್ಟ.

ನಾಲ್ಕನೆಯದು ಸರ್ವನಾಮ. ಪ್ರಾಟೆಸ್ಟಂಟರ ಬೈಬಲ್ಲಿನಲ್ಲಿ ಪ್ರಭುವಿನ ಪ್ರಾರ್ಥನೆಯು ದೇವರನ್ನು ‘ನೀನು’ ಎಂದು ಸಂಬೋಧಿಸುವುದು. ವಚನಕಾರರೂ ದಾಸರೂ ಹಾಗೆಯೇ ಕರೆದವರು. ಕಥೋಲಿಕರ ಕನ್ನಡ ಪ್ರಾರ್ಥನೆಗಳಾದರೋ ದೇವರನ್ನೂ ದೇವಮಾತೆಯನ್ನೂ ‘ನೀವು’ ಎಂದೇ ಕರೆಯುವುವು. ಭಕ್ತಿಕಾವ್ಯದ ಸಲಿಗೆ ಇಲ್ಲಿ ಇಲ್ಲ. ಅದರ ಬದಲು ಹಿರಿಯರ ಮುಂದೆ ನಿಂತ ಮನೆಮಕ್ಕಳ ಮರ್ಯಾದೆ ಇದೆ. ಲೂರ್ದಿನಲ್ಲಿ ದೇವಮಾತೆಯೇ ಮೊದಲು ಬಡ ಹುಡುಗಿಯನ್ನು ಬಹುವಚನದಿಂದ ಕರೆದಳೆಂಬ ಕಥೆಯನ್ನು ಬಲ್ಲವರಿಗೆ, ಅದೇ ಬಹುವಚನವನ್ನು ಬಡವರು ಆಕೆಗೆ ಹಿಂದಿರುಗಿಸುವ ಜಪಸರದ ಸಂಜೆಯಲ್ಲಿ ವಿಶೇಷವಾದ ಸೊಗಸು ಕಾಣುವುದು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಈ ಪದಗಳೆಲ್ಲ ಕನ್ನಡದಲ್ಲಿಯೇ ಹುಟ್ಟಿದುವೆಂದು ಸಾಧಿಸಲು ಹೊರಡಬಾರದು. ಅಮಲೋದ್ಭವ, ವರಪ್ರಸಾದ, ಆರೋಗ್ಯಮಾತೆ ಮುಂತಾದುವು ತಮಿಳು ಕಥೋಲಿಕರಲ್ಲಿಯೂ ಬಳಕೆಯಲ್ಲಿವೆ. ಮೈಸೂರು ಮಿಷನ್ನು ಪುದುಚೇರಿಯಿಂದ ಕವಲೊಡೆದುದು; ಮೈಸೂರು ನಗರದ ಕಥೋಲಿಕರಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲಯಾಳಗಳನ್ನು ಮನೆಮಾತಾಗಿ ಉಳ್ಳವರೆಲ್ಲರೂ ಇದ್ದಾರೆ. ಪದಗಳು ಒಬ್ಬರಿಂದೊಬ್ಬರಿಗೆ ಹೋಗಿ ಬಂದಿವೆ. ಎರಡನೆಯದಾಗಿ, ‘ಮರಿಯಮ್ಮ’, ‘ಮಾರಿಯಮ್ಮ’ ಎಂಬ ಹೆಸರುಗಳ ಸಾದೃಶ್ಯದಿಂದ ಒಂದು ಮತ್ತೊಂದರ ರೂಪಾಂತರವೆಂದು ಊಹಿಸುವವರಿದ್ದಾರೆ. ಮರಿಯ ಎಂಬುದು ಹೀಬ್ರೂ ಭಾಷೆಯ ಮಿರಿಯಾಮ್; ಮಾರಿಯು ನಮ್ಮ ಗ್ರಾಮದೇವತೆ. ವ್ಯುತ್ಪತ್ತಿಯಲ್ಲಿ ಸಂಬಂಧವಿಲ್ಲ. ರೋಗಭಯದಲ್ಲಿ ತಾಯಿಯನ್ನು ಮೊರೆಹೋಗುವ ಮನೋಧರ್ಮವು ಎರಡು ಕಡೆಯೂ ಸಮಾನವಾಗಿರಬಹುದು. ಅದು ಮನುಷ್ಯಸ್ವಭಾವಕ್ಕೆ ಸೇರಿದ್ದೇ ಹೊರತು ಶಬ್ದಶಾಸ್ತ್ರಕ್ಕಲ್ಲ.

೬

ದರ್ಶನಗಳ ವಿಷಯದಲ್ಲಿ ಧರ್ಮಸಭೆಯ ನಿಲವು ಏನೆಂಬುದನ್ನು ತಿಳಿಯದೆ ಈ ಭಕ್ತಿಯನ್ನು ಅಳೆಯಲಾಗದು. ಶ್ರುತಿಗೂ ಸ್ಮೃತಿಗೂ ನಾವು ಮಾಡುವ ಭೇದಕ್ಕೆ ದೂರದಿಂದ ಹೋಲುವ ಒಂದು ಭೇದವನ್ನು ಅದು ಮಾಡುತ್ತದೆ. ಧರ್ಮಗ್ರಂಥದ ಪ್ರಕಟನೆಯು ಅಪೊಸ್ತಲರ ಕಾಲಕ್ಕೆ ಮುಗಿಯಿತು. ಆಮೇಲಿನ ದರ್ಶನಗಳು ಖಾಸಗಿಯಾದುವು, ಅವುಗಳನ್ನು ನಂಬಲೇಬೇಕೆಂಬ ವಿಧಿ ಯಾವ ಕಥೋಲಿಕನಿಗೂ ಇಲ್ಲ. ಲೂರ್ದಿನ ವಿಷಯದಲ್ಲಿ ಅಲ್ಲಿಯ ಧರ್ಮಾಧ್ಯಕ್ಷರು ನಾಲ್ಕು ವರ್ಷ ವಿಚಾರಣೆ ನಡೆಸಿ ೧೮೬೨ರಲ್ಲಿ ಒಪ್ಪಿಗೆ ಕೊಟ್ಟರು. ಪೋರ್ಚುಗಲ್ಲಿನ ಫಾತಿಮಾದಲ್ಲಿ ೧೯೧೭ರಲ್ಲಿ ಆದುದಕ್ಕೆ ೧೯೩೦ರಲ್ಲಿ ಒಪ್ಪಿಗೆ ದೊರೆಯಿತು. ೨೦೨೪ರ ಮೇ ತಿಂಗಳಲ್ಲಿ ರೋಮಿನಿಂದ ಹೊಸ ನಿಯಮಗಳು ಬಂದಿವೆ. ಅವುಗಳ ಪ್ರಕಾರ ಸಾಮಾನ್ಯವಾಗಿ ಯಾವ ದರ್ಶನವನ್ನೂ ದೈವಿಕವೆಂದು ಸಾರುವುದಿಲ್ಲ. ಅದರಿಂದ ಹುಟ್ಟಿದ ಭಕ್ತಿಯು ನಿರ್ದುಷ್ಟವೇ ಅಲ್ಲವೇ ಎಂಬುದಕ್ಕೆ ಆರು ದರ್ಜೆಯ ತೀರ್ಪುಗಳುಂಟು. ಅದೇ ವರ್ಷದ ಆಗಸ್ಟಿನಲ್ಲಿ ವೇಳಾಂಗಣ್ಣಿಯ ಆರೋಗ್ಯಮಾತೆಯ ಭಕ್ತಿಯನ್ನು ಮೆಚ್ಚಿ ರೋಮಿನ ಧರ್ಮಸಿದ್ಧಾಂತ ವಿಭಾಗವು ಪತ್ರ ಬರೆಯಿತು. ಸೆಪ್ಟೆಂಬರ್ ೮ರ ಹಬ್ಬಕ್ಕೆ ಕಾವಿಯುಟ್ಟು ಅಲ್ಲಿಗೆ ಹೋಗುವ ಯಾತ್ರಿಕರಲ್ಲಿ ಕನ್ನಡ ನಾಡಿನವರೂ ಇರುವರು.

ಅಧಿಕಾರವರ್ಗದ ತೀರ್ಪಿಗೂ ಜನರ ನಾಲಗೆಗೂ ಇರುವ ಅಂತರಕ್ಕೆ ಮೈಸೂರಿನ ದೇವಾಲಯವೇ ದೃಷ್ಟಾಂತ. ಚಾರಿತ್ರಿಕ ಆಧಾರ ಸಾಲದೆಂದು ೧೯೬೧ರಲ್ಲಿ ಫಿಲೋಮಿನಾಳ ಹಬ್ಬವನ್ನು ಪಂಚಾಂಗಗಳಿಂದ ತೆಗೆದುಹಾಕಲಾಯಿತು. ಅಧಿಕೃತವಾಗಿ ಸಂತ ಜೋಸೆಫರ ಹೆಸರನ್ನೂ ಹೊತ್ತ ಆ ಪ್ರಧಾನ ದೇವಾಲಯವನ್ನು ಊರಿನವರು ಮಾತ್ರ ಇಂದಿಗೂ ಫಿಲೋಮಿನಾ ಚರ್ಚೆಂದೇ ಕರೆಯುವರು. ಪೂಜಾಪೀಠದ ಕೆಳಗಣ ನೆಲಮಾಳಿಗೆಯಲ್ಲಿ ಆಕೆಯ ಪ್ರತಿಮೆಗೆ ಕೈಮುಗಿಯುವವರಲ್ಲಿ ಎಲ್ಲ ಮತದವರೂ ಇರುವರು.

ದರ್ಶನಕಥೆಯು ಪರದೇಶದ ಸರಕು ಮಾತ್ರವಲ್ಲವೆಂಬುದಕ್ಕೆ ಕೃಷ್ಣರಾಜನಗರ ತಾಲ್ಲೂಕಿನ ಡೋರನಹಳ್ಳಿಯನ್ನು ನೆನೆಯಬಹುದು. ಹೊಲ ಉಳುವಾಗ ರೈತನೊಬ್ಬನಿಗೆ ಮರದ ಪ್ರತಿಮೆಯೊಂದು ಸಿಕ್ಕಿತೆಂದೂ, ಅವನು ಅದನ್ನು ಗೊಂಬೆಯೆಂದು ಬಗೆದು ಮಕ್ಕಳಿಗೆ ಆಟಕ್ಕೆ ಕೊಟ್ಟನೆಂದೂ, ಆಮೇಲೆ ಕನಸಿನಲ್ಲಿ ನಿಲುವಂಗಿಯವರೊಬ್ಬರು ಕಾಣಿಸಿಕೊಂಡು ಗುಡಿ ಕಟ್ಟಲು ಹೇಳಿದರೆಂದೂ, ಅವರು ಸಂತ ಅಂತೋಣಿಯೆಂದೂ ಐತಿಹ್ಯ. ಇದು ದೇವಮಾತೆಯ ಕಥೆಯಲ್ಲ. ಆದರೆ ನೇಗಿಲಿಗೆ ಸಿಕ್ಕ ಮೂರ್ತಿ, ಕನಸಿನ ಅಪ್ಪಣೆ ಎಂಬ ಎರಡೂ ನಮ್ಮ ಸ್ಥಳಪುರಾಣಗಳ ಚಿರಪರಿಚಿತ ಅಂಗಗಳು. ಫ್ರಾನ್ಸಿನಿಂದ ಬಂದ ಲೂರ್ದಿನ ವೃತ್ತಾಂತವು ಬೀಜವಾದರೆ, ಇಂಥ ಕಥೆಗಳಿಗೆ ಒಗ್ಗಿದ ಕಿವಿಯೇ ಅದಕ್ಕೆ ಹದವಾದ ನೆಲ.

೭

ಮಹಾಸಭೆಯ ತರುವಾಯ ಪೂಜೆಯು ದೇಶಭಾಷೆಗಳಿಗೆ ಬಂದಾಗ ಒಂದು ಹೊಸ ಪ್ರಶ್ನೆ ತಲೆದೋರಿತು. ಲ್ಯಾಟಿನ್ ಎಲ್ಲರಿಗೂ ಸಮಾನವಾಗಿ ಅಪರಿಚಿತ. ದೇಶಭಾಷೆಯಾದರೋ ಯಾವುದು, ಯಾರದು ಎಂಬ ಆಯ್ಕೆಯನ್ನು ಕೇಳುವುದು. ಬೆಂಗಳೂರಿನ ಧರ್ಮಕ್ಷೇತ್ರದಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಸ್ಥಾನವನ್ನು ಕುರಿತು ದಶಕಗಳ ಕಾಲ ವಿವಾದ ನಡೆದುದು ಸರ್ವವಿದಿತ. ಆ ವಿವಾದದಲ್ಲಿ ಕನ್ನಡವು ಮಹಾಸಭೆಯಿಂದ ಕಥೋಲಿಕರಿಗೆ ಹೊಸದಾಗಿ ದೊರೆತ ಪೂಜಾಭಾಷೆಯೋ ಎಂಬಂತೆ ಮಾತನಾಡುವುದು ರೂಢಿಯಾಯಿತು. ಮೇಲೆ ಹೇಳಿದುದು ನಿಜವಾದರೆ ಆ ಎಣಿಕೆ ತಪ್ಪು. ಪೂಜಾಪೀಠಕ್ಕೆ ಕನ್ನಡ ಬರುವುದಕ್ಕೆ ಎಷ್ಟೋ ಮುಂಚೆ ಅದು ಜಪಸರದ ಮಣಿಗಳ ಮೇಲೆ, ಗವಿಯ ಮುಂದೆ, ತೇರಿನ ಹಿಂದೆ ಇದ್ದಿತು. ವರಪ್ರಸಾದ, ರಹಸ್ಯ, ದರ್ಶನ ಮೊದಲಾದ ಪದಗಳು ಪೂಜಾಗ್ರಂಥದ ಭಾಷಾಂತರಕಾರರಿಗೆ ಸಿದ್ಧವಾಗಿ ದೊರೆತುದು ಹೀಗೆ ಹೆಂಗಸರ ಮತ್ತು ನಿರಕ್ಷರರ ಬಾಯಲ್ಲಿ ಅವು ಸವೆದು ನುಣುಪಾಗಿದ್ದುದರಿಂದ.

ಆದುದರಿಂದ ವಿದ್ವಾಂಸರು ಮಾಡಬೇಕಾದ ಕೆಲಸವೊಂದು ಎದುರಿಗಿದೆ. ಮೈಸೂರು ಸೀಮೆಯ ಹಳೆಯ ಧರ್ಮಕೇಂದ್ರಗಳಲ್ಲಿಯೂ ಮನೆಗಳಲ್ಲಿಯೂ ಉಳಿದಿರಬಹುದಾದ ಪ್ರಾರ್ಥನೆಯ ಕಿರುಹೊತ್ತಗೆಗಳು, ಕೈಬರಹದ ಹಾಡಿನ ಪುಸ್ತಕಗಳು, ನವೇನದ ಹಾಳೆಗಳು ಇವನ್ನು ಸಂಗ್ರಹಿಸಿ, ಕಾಲಕ್ರಮದಲ್ಲಿಟ್ಟು, ಪಾಠಾಂತರಗಳನ್ನು ಹೋಲಿಸಬೇಕು. ವೃದ್ಧೆಯರು ನೆನಪಿನಿಂದ ಹೇಳುವ ಹಳೆಯ ಪಾಠಗಳನ್ನು, ಅಚ್ಚಿನ ಪಾಠಕ್ಕೆ ಸರಿಯಿಲ್ಲವೆಂದು ತಿದ್ದದೆ, ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಬೇಕು. ‘ನೀನು’ ಎಂದಿದ್ದುದು ಎಲ್ಲಿಯಾದರೂ ‘ನೀವು’ ಆಗಿದೆಯೇ, ಆಗಿದ್ದರೆ ಯಾವಾಗ. ತಮಿಳಿನ ಪದವನ್ನು ಕನ್ನಡದ ಪದವು ಎಲ್ಲಿ ಸ್ಥಳಾಂತರಿಸಿತು. ಗ್ರಾಂಥಿಕ ರೂಪವೂ ಆಡುರೂಪವೂ ಒಂದೇ ಪ್ರಾರ್ಥನೆಯಲ್ಲಿ ಹೇಗೆ ಕೂಡಿ ಬಾಳುತ್ತವೆ ಎಂಬ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ದೊರೆಯತಕ್ಕದ್ದು. ಹಾಡಿನ ಮಟ್ಟುಗಳನ್ನೂ ಅಲಕ್ಷಿಸಬಾರದು; ಫ್ರೆಂಚ್ ಧಾಟಿಯ ಮೇಲೆ ಕನ್ನಡದ ಮಾತ್ರೆಗಳನ್ನು ಕೂಡಿಸುವಾಗ ಪದ್ಯರಚನೆಯಲ್ಲಾದ ಬದಲಾವಣೆಗಳು ಛಂದಸ್ಸಿನ ಅಭ್ಯಾಸಿಗಳಿಗೆ ಉಪಯುಕ್ತವಾಗುವುವು.

ಈ ಸಾಮಗ್ರಿಯು ಕಾವ್ಯಗುಣದಲ್ಲಿ ವಚನಗಳಿಗೆ, ಕೀರ್ತನೆಗಳಿಗೆ ಸಾಟಿಯೆಂದು ನಾವು ಹೇಳುವುದಿಲ್ಲ. ಹಾಗೆ ಹೋಲಿಸುವ ಅಗತ್ಯವೂ ಇಲ್ಲ. ಒಂದು ಭಾಷೆಯ ಧಾರ್ಮಿಕ ಚರಿತ್ರೆಯು ಅದರ ಮಹಾಕವಿಗಳಿಂದ ಮಾತ್ರ ಆಗಿರುವುದಿಲ್ಲ. ದಿನವೂ ಸಂಜೆ ಐವತ್ತು ಸಲ ಒಂದೇ ವಾಕ್ಯವನ್ನು ಹೇಳಿದವರಿಂದಲೂ ಆಗಿರುವುದು. ಲಾ ಸಲೆಟ್ಟಿನ ಹುಡುಗಿಗೆ ಆಲೂಗೆಡ್ಡೆಯ ಹೆಸರು ಅರ್ಥವಾಗಲೆಂದು ಸ್ವರ್ಗದ ರಾಣಿಯೇ ಹಳ್ಳಿಯ ಮಾತಿಗೆ ಇಳಿದಳೆಂದು ನಂಬುವ ಭಕ್ತರ ಕನ್ನಡವನ್ನು ಕನ್ನಡದ ಚರಿತ್ರಕಾರರು ಕೇಳದೆ ಬಿಟ್ಟರೆ, ನಷ್ಟವು ಆ ಭಕ್ತರಿಗಿಂತ ಕನ್ನಡಕ್ಕೇ ಹೆಚ್ಚು.